ನಗುವ ಹೂವನ್ನು ಎರವಲು ತರುವ ಮುನ್ನ: ವಿನ್ಯಾಸದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ದೃಶ್ಯ ಸಂವಹನ ವಿನ್ಯಾಸದ ಎರಡನೆಯ ವರ್ಷದ ವಿದ್ಯಾರ್ಥಿನಿ. ನಮ್ಮೂರು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಈ ಸೆಮಿಸ್ಟರಿನ ಪ್ರಾಜೆಕ್ಟಿಗಾಗಿ ನಮ್ಮ ಕಡೆಯ ಒಂದು ಮಕ್ಕಳ ಗ್ರಂಥಾಲಯಕ್ಕೆ ಲಾಂಛನ, ಪೋಸ್ಟರುಗಳು, ಬಟ್ಟೆಯ ಕೈಚೀಲ ಮತ್ತು ಒಂದು ಗೋಡೆಚಿತ್ರವನ್ನು ರೂಪಿಸುತ್ತಿದ್ದೇನೆ. ಇಂದಿನ ಜಪಾನಿನ ಪಾಪ್ ಕಲೆ, ಅದರಲ್ಲೂ ತಕಾಶಿ ಮುರಕಾಮಿ, ಯೊಶಿತೊಮೊ ನಾರಾ ಮತ್ತು ಯಯೊಯಿ ಕುಸಾಮ ಅವರ ಕೃತಿಗಳು ನನಗೆ ಬಹಳ ಇಷ್ಟ. ನಗುಮುಖದ ಹೂಗಳು, ದೊಡ್ಡ ಕಣ್ಣಿನ ಹುಡುಗಿ, ಬಣ್ಣಬಣ್ಣದ ಚುಕ್ಕೆಗಳು ಇರುವ ಮೊದಲ ಕರಡನ್ನು ತೋರಿಸಿದಾಗ ನಮ್ಮ ಅಧ್ಯಾಪಕರು ಇದು ಸ್ಫೂರ್ತಿಯಲ್ಲ, ನಕಲು ಎಂದರು. ಇವೆರಡರ ನಡುವಿನ ಗೆರೆ ಎಲ್ಲಿದೆ? ಜಪಾನಿನ ಯೋಚನೆಯನ್ನೇ ನಾನು ಕೈಬಿಡಬೇಕೇ?
— ವಿನ್ಯಾಸ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಕೈಬಿಡುವ ಅಗತ್ಯವಿಲ್ಲ. ಆದರೆ ನೀವು ಹೆಸರಿಸಿರುವ ಮೂವರೂ ಒಂದೇ ಬಗೆಯ ಕಲಾವಿದರಲ್ಲ ಎಂಬುದನ್ನು ಮೊದಲು ಗಮನಿಸಿ. ಹೂವು, ಹುಡುಗಿ, ಚುಕ್ಕೆ ಮೂರೂ ನಿಮ್ಮ ಕರಡಿನ ಒಂದೇ ಹಾಳೆಯ ಮೇಲೆ ಸೇರಿವೆ ಎಂದರೆ, ಮೂರು ಬೇರೆ ಬೇರೆ ಬದುಕುಗಳಿಂದ ಒಂದೊಂದು ಗುರುತನ್ನು ಕಿತ್ತು ತಂದಂತಾಯಿತು. ಆ ಗುರುತುಗಳು ಅಲ್ಲಿ ಏಕೆ ಹುಟ್ಟಿದವು ಎಂಬ ಸಂಗತಿ ಮಾತ್ರ ಅಲ್ಲಿಯೇ ಉಳಿದುಬಿಟ್ಟಿದೆ. ನಿಮ್ಮ ಅಧ್ಯಾಪಕರು ಕಂಡದ್ದು ಬಹುಶಃ ಇದನ್ನೇ.

ಕುಸಾಮ ಅವರು 1929ರಲ್ಲಿ ಮತ್ಸುಮೊತೊ ಪಟ್ಟಣದಲ್ಲಿ, ಬೀಜ ಮತ್ತು ಸಸಿಗಳನ್ನು ಬೆಳೆಸಿ ಮಾರುತ್ತಿದ್ದ ಮನೆತನದಲ್ಲಿ ಹುಟ್ಟಿದವರು. ಕಣ್ಣೆದುರಿನ ಹೂವಿನ ಮಾದರಿಗಳು ಗೋಡೆ, ಚಾವಣಿ, ಕೊನೆಗೆ ತಮ್ಮ ಮೈಯನ್ನೂ ಆವರಿಸಿಕೊಳ್ಳುವಂತೆ ಬಾಲ್ಯದಲ್ಲಿಯೇ ಅವರಿಗೆ ಭಾಸವಾಗುತ್ತಿತ್ತು. ಹತ್ತು ವರ್ಷದವರಿದ್ದಾಗ, 1939ರಲ್ಲಿ, ಅವರು ಪೆನ್ಸಿಲಿನಲ್ಲಿ ಬರೆದ ಒಬ್ಬ ಹೆಂಗಸಿನ ಚಿತ್ರದಲ್ಲಿ ಮುಖದ ಮೇಲೂ ಹಿನ್ನೆಲೆಯ ಮೇಲೂ ಚುಕ್ಕೆಗಳು ಹರಡಿಕೊಂಡಿವೆ. 1958ರಿಂದ ನ್ಯೂಯಾರ್ಕಿನಲ್ಲಿ ದುಡಿದು, 1973ರಲ್ಲಿ ಜಪಾನಿಗೆ ಮರಳಿದ ಅವರು 1977ರಿಂದ ತಾವಾಗಿಯೇ ಟೋಕಿಯೊದ ಒಂದು ಮಾನಸಿಕ ಚಿಕಿತ್ಸಾಲಯದಲ್ಲಿ ನೆಲೆಸಿ, ಅಲ್ಲಿಂದ ಹತ್ತಿರದ ಸ್ಟುಡಿಯೊಗೆ ಹೋಗಿ ಚಿತ್ರಿಸುತ್ತ ಬಂದರು. ಆ ಚುಕ್ಕೆ ಅವರ ಪಾಲಿಗೆ ಅಲಂಕಾರವಲ್ಲ, ತಮ್ಮನ್ನು ನುಂಗಲು ಬರುವುದನ್ನು ಮತ್ತೆ ಮತ್ತೆ ಬರೆದು ಹಿಡಿತಕ್ಕೆ ತಂದುಕೊಳ್ಳುವ ಬಗೆ. ಗ್ರಂಥಾಲಯದ ಕೈಚೀಲದ ಮೇಲೆ ಬಂದಾಗ ಅದು ಬರಿಯ ಚುಕ್ಕೆಯಾಗಿ ಉಳಿಯುತ್ತದೆ.

ನಾರಾ ಅವರ ಹುಡುಗಿಯ ಮಾತೂ ಹೀಗೆಯೇ. 1959ರಲ್ಲಿ ಉತ್ತರ ಜಪಾನಿನ ಹಿರೊಸಾಕಿಯಲ್ಲಿ ಹುಟ್ಟಿದ ಅವರು, ತಂದೆತಾಯಿ ಇಬ್ಬರೂ ದುಡಿಯಲು ಹೋಗುತ್ತಿದ್ದುದರಿಂದ, ಸಾಕುಪ್ರಾಣಿಗಳು ಮತ್ತು ಅಮೆರಿಕದ ಸೇನಾನೆಲೆಯ ರೇಡಿಯೊದಲ್ಲಿ ಬರುತ್ತಿದ್ದ ಹಾಡುಗಳ ಜೊತೆಯಲ್ಲಿ ಒಂಟಿಯಾಗಿ ಬೆಳೆದರು. 1988ರಲ್ಲಿ ಜರ್ಮನಿಯ ಡ್ಯುಸೆಲ್‌ಡಾರ್ಫಿನ ಕಲಾಶಾಲೆಗೆ ಸೇರಿದಾಗ, ಭಾಷೆ ಬಾರದ ಊರಿನಲ್ಲಿ ಅದೇ ಒಂಟಿತನ ಅವರಿಗೆ ಮತ್ತೆ ಎದುರಾಯಿತು. ಆ ಹುಡುಗಿಯ ಕೋಪದ ನೋಟ ಮುದ್ದಾಗಿ ಕಾಣಲೆಂದು ಬಂದದ್ದಲ್ಲ. ತನ್ನ ಮಾತನ್ನು ಯಾರೂ ಕೇಳಿಸಿಕೊಳ್ಳದ ಮಗುವಿನ ನೋಟ ಅದು. ಮಕ್ಕಳ ಗ್ರಂಥಾಲಯಕ್ಕೆ ಇವರಿಂದ ತೆಗೆದುಕೊಳ್ಳಬಹುದಾದದ್ದು ದೊಡ್ಡ ಕಣ್ಣುಗಳನ್ನಲ್ಲ, ಮಗುವನ್ನು ಸದಾ ನಗುತ್ತಲೇ ಇರಬೇಕೆಂದು ಒತ್ತಾಯಿಸದ ಪ್ರಾಮಾಣಿಕತೆಯನ್ನು. ನಮ್ಮ ಮಕ್ಕಳ ಪುಸ್ತಕಗಳಲ್ಲಿಯೂ ಶಾಲೆಯ ಗೋಡೆಗಳ ಮೇಲೂ ಮುನಿಸಿಕೊಂಡ, ಬೇಸರಗೊಂಡ, ಯೋಚನೆಯಲ್ಲಿ ಮುಳುಗಿದ ಮಗು ಎಷ್ಟು ಅಪರೂಪ ಎಂಬುದನ್ನು ಒಮ್ಮೆ ನೋಡಿ.

ಮುರಕಾಮಿ ಅವರ ಬಗ್ಗೆ ಹೆಚ್ಚು ಬರೆಯಬೇಕಾಗಿದೆ, ಏಕೆಂದರೆ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಅವರ ದಾರಿಯಲ್ಲಿದೆ. 1962ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಅವರು ಕಲಿತದ್ದು ಕಾರ್ಟೂನನ್ನಲ್ಲ, ‘ನಿಹೊಂಗ’ ಎಂಬ ಸಾಂಪ್ರದಾಯಿಕ ಜಪಾನಿ ಚಿತ್ರಕಲೆಯನ್ನು. ಖನಿಜಗಳನ್ನು ಅರೆದ ಪುಡಿಗೆ ಅಂಟು ಬೆರೆಸಿ ಬಣ್ಣ ಮಾಡಿಕೊಳ್ಳುವ, ಕಾಗದಕ್ಕೂ ರೇಷ್ಮೆಗೂ ತೆಳುವಾದ ಲೇಪನಗಳನ್ನು ಕೊಡುವ ಆ ವಿದ್ಯೆಯಲ್ಲಿಯೇ ಅವರು 1993ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ಡಿಒಬಿ ಎಂಬ ಅವರ ಪಾತ್ರವೂ ಹುಟ್ಟಿತು. ಅದರ ಒಂದು ಕಿವಿಯಲ್ಲಿ ಡಿ, ಮತ್ತೊಂದರಲ್ಲಿ ಬಿ ಅಕ್ಷರವಿದ್ದು, ದುಂಡು ಮುಖವೇ ಓ ಆಗುತ್ತದೆ. ಇಷ್ಟು ವರ್ಷ ಹಳೆಯ ಚಿತ್ರಗಳ ಮುಂದೆ ಕುಳಿತಿದ್ದವರಿಗೆ, ತಾವು ಬೆಳೆಯುತ್ತ ನೋಡಿದ ಆನಿಮೇಷನ್ ಚಿತ್ರಗಳಲ್ಲಿಯೂ ಎದೋ ಕಾಲದ (1603–1868) ಚಿತ್ರ ಬರೆದ ಮಡಿಸುವ ಪರದೆಗಳಲ್ಲಿಯೂ ಒಂದೇ ಗುಣ ಕಾಣಿಸಿತು: ಎರಡರಲ್ಲಿಯೂ ದೂರ ಮತ್ತು ಹತ್ತಿರಗಳು ಒಂದೇ ತಳದ ಮೇಲಿರುತ್ತವೆ, ಕಣ್ಣು ಒಂದು ಬಿಂದುವಿನಲ್ಲಿ ನಿಲ್ಲದೆ ಮೇಲ್ಮೈಯುದ್ದಕ್ಕೂ ಅಂಕುಡೊಂಕಾಗಿ ಓಡಾಡುತ್ತದೆ.

ಉದಾಹರಣೆಗೆ ಕಾನೋ ಸಾನ್ಸೆತ್ಸು ಎಂಬ ಚಿತ್ರಕಾರ 1646ರಲ್ಲಿ ಕ್ಯೋಟೊದ ಒಂದು ದೇವಾಲಯಕ್ಕೆ ಬರೆದ, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಮುದಿ ಪ್ಲಮ್ ಮರದ ಚಿತ್ರವನ್ನು ನೋಡಿ. ನಾಲ್ಕು ಸರಿಬಾಗಿಲುಗಳುದ್ದಕ್ಕೂ ಚಿನ್ನದ ಹಾಳೆಯ ಹಿನ್ನೆಲೆಯ ಮೇಲೆ ಆ ಮರದ ಕಾಂಡ ಏರಿ, ತಿರುಗಿ, ಮೊಣಕೈಯಂತೆ ಮಡಿಸಿ ಮತ್ತೆ ಏಳುತ್ತದೆ. ನೆರಳಿಲ್ಲ, ಹಿಂದೊಂದು ಮುಂದೊಂದು ಎಂಬ ಆಳವಿಲ್ಲ. ಆದರೂ ನಮ್ಮ ನೋಟ ಅದರ ಹಿಂದೆ ಓಡುತ್ತಲೇ ಇರುತ್ತದೆ. ಇಂಥ ಚಿತ್ರಕಾರರನ್ನು ಕಲಾ ಇತಿಹಾಸಕಾರ ನೊಬುವೊ ತ್ಸುಜಿ ಅವರು 1970ರಲ್ಲಿ ಒಂದು ಪರಂಪರೆಯಾಗಿ ಗುರುತಿಸಿದ್ದರು. ಮುರಕಾಮಿ ಆ ಪರಂಪರೆಯ ಮುಂದಿನ ಕೊಂಡಿಯಾಗಿ ದೂರದರ್ಶನದ ಆನಿಮೇಷನ್ ಕಲಾವಿದರನ್ನು ಇಟ್ಟು, 2000ದಲ್ಲಿ ಟೋಕಿಯೊದಲ್ಲಿ, ಮರುವರ್ಷ ಲಾಸ್ ಏಂಜಲೀಸಿನಲ್ಲಿ ‘ಸೂಪರ್‌ಫ್ಲಾಟ್’ ಎಂಬ ಪ್ರದರ್ಶನವನ್ನು ನಡೆಸಿದರು.

ಚಪ್ಪಟೆ ಎಂಬುದು ಅಲ್ಲಿಗೆ ಚಿತ್ರದ ಗುಣವಾಗಿ ಮಾತ್ರ ಉಳಿಯಲಿಲ್ಲ. ಮ್ಯೂಸಿಯಮ್ಮಿನ ಚಿತ್ರ ಮೇಲು, ಮಿಠಾಯಿ ಪೊಟ್ಟಣದ ಜೊತೆ ಸಿಗುವ ಗೊಂಬೆ ಕೀಳು ಎಂಬ ಶ್ರೇಣಿಯೂ ಚಪ್ಪಟೆಯಾಯಿತು. ಅದರ ಅಡಿಯಲ್ಲಿ ಇನ್ನೂ ಕಹಿಯಾದ ಒಂದು ಮಾತಿತ್ತು. 2005ರಲ್ಲಿ ನ್ಯೂಯಾರ್ಕಿನ ಜಪಾನ್ ಸೊಸೈಟಿಯಲ್ಲಿ ಅವರು ಏರ್ಪಡಿಸಿದ ಪ್ರದರ್ಶನಕ್ಕೆ ‘ಲಿಟಲ್ ಬಾಯ್’ ಎಂದು ಹೆಸರಿಟ್ಟರು. ಅದು 1945ರ ಆಗಸ್ಟ್ 6ರಂದು ಹಿರೊಶಿಮಾದ ಮೇಲೆ ಬಿದ್ದ ಬಾಂಬಿನ ಹೆಸರು. ಸೋತು, ಅಮೆರಿಕದ ರಕ್ಷಣೆಯಲ್ಲಿ ದೊಡ್ಡವನಾಗದೆ ಉಳಿದ ದೇಶ ತನ್ನ ಭಯವನ್ನು ಮುದ್ದಾದ ಗೊಂಬೆಗಳಲ್ಲಿಯೂ ರಾಕ್ಷಸರ ಕಥೆಗಳಲ್ಲಿಯೂ ಅಡಗಿಸಿಟ್ಟುಕೊಂಡಿತು ಎಂಬುದು ಅವರ ವಾದ. ಈ ವಾದವನ್ನು ಒಪ್ಪದ ಜಪಾನಿ ವಿಮರ್ಶಕರಿದ್ದಾರೆ. ಆದರೆ ಇದನ್ನು ತಿಳಿದ ಮೇಲೆ ಮುರಕಾಮಿಯವರ ಆ ಹೂಗಳ ಸಾಲುಸಾಲು ನಗು ನಿಮಗೆ ಮೊದಲಿನಂತೆ ಕಾಣಿಸಲಾರದು.

ಇಷ್ಟನ್ನು ಹೇಳಿದ್ದು ನಿಮ್ಮನ್ನು ಹೆದರಿಸಲು ಅಲ್ಲ. ಸ್ಫೂರ್ತಿ ಮತ್ತು ನಕಲಿನ ನಡುವಿನ ಗೆರೆ ಹೋಲಿಕೆಯ ಪ್ರಮಾಣದಲ್ಲಿ ಇಲ್ಲ, ನೀವು ಏನನ್ನು ತೆಗೆದುಕೊಂಡಿರಿ ಎಂಬುದರಲ್ಲಿದೆ ಎಂದು ತೋರಿಸಲು. ಹೂವನ್ನು ತೆಗೆದುಕೊಂಡರೆ ಅದು ಮುರಕಾಮಿಯವರದೇ ಆಗಿ ಉಳಿಯುತ್ತದೆ. ತಾನು ಚಿಕ್ಕಂದಿನಲ್ಲಿ ಕಂಡ ಅಗ್ಗದ, ಜನಪ್ರಿಯ ಚಿತ್ರಗಳನ್ನೂ ತನ್ನ ನೆಲದ ಹಳೆಯ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು, ಅವುಗಳಲ್ಲಿ ಸಮಾನವಾದ ಗೆರೆ ಯಾವುದು ಎಂದು ವರ್ಷಗಟ್ಟಲೆ ಹುಡುಕುವ ಅವರ ಕ್ರಮವನ್ನು ತೆಗೆದುಕೊಂಡರೆ, ಅದರಿಂದ ಹುಟ್ಟುವ ಚಿತ್ರ ನಿಮ್ಮದಾಗುತ್ತದೆ.

ನೀವು ಸಾಗರದ ಕಡೆಯವರೆಂದು ಬರೆದಿದ್ದೀರಿ. ಹಾಗಾದರೆ ದೀವರು ಎಂಬ ಸಮುದಾಯದವರು ಮನೆಯ ಗೋಡೆಗಳ ಮೇಲೆ ಬರೆಯುವ ಹಸೆಗೋಡೆ ಚಿತ್ತಾರವನ್ನೂ, ಭೂಮಿ ಹುಣ್ಣಿಮೆಯಂದು ಗದ್ದೆಗೆ ಹೊರುವ ಬೂಮಣ್ಣಿ ಬುಟ್ಟಿಯನ್ನೂ ಕಂಡಿರುತ್ತೀರಿ. ಕೆಮ್ಮಣ್ಣಿನ ತಳ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅಲ್ಲಿಯೂ ಆಳವಿಲ್ಲ, ನೆರಳಿಲ್ಲ. ಗೆರೆಗಳ ಹೆಣಿಗೆಯಲ್ಲಿಯೇ ತೇರು, ಮದುಮಕ್ಕಳು, ಹಕ್ಕಿಗಳು ನಿಲ್ಲುತ್ತವೆ. ಜಪಾನಿನ ಹೂವನ್ನು ತೆಗೆದು ಆ ಜಾಗದಲ್ಲಿ ಚಿತ್ತಾರದ ತೇರನ್ನು ಅಂಟಿಸಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಎರವಲು ತಂದ ಮನೆ ಬದಲಾಯಿತೇ ಹೊರತು ಕೆಲಸ ಬದಲಾಗಲಿಲ್ಲ. ಚಿತ್ತಾರದಲ್ಲಿ ಒಂದು ಗೆರೆ ಎಲ್ಲಿ ಶುರುವಾಗುತ್ತದೆ, ಎರಡು ಗೆರೆಗಳ ನಡುವೆ ಎಷ್ಟು ಜಾಗ ಬಿಡುತ್ತಾರೆ, ಕೈ ನಡುಗಿದ ಕಡೆ ಏನು ಮಾಡುತ್ತಾರೆ ಎಂಬುದನ್ನು ಬರೆಯುವವರ ಪಕ್ಕದಲ್ಲಿ ಕುಳಿತು ಕಲಿಯಿರಿ. ನಿಮ್ಮ ತಲೆಮಾರಿನ ಮಕ್ಕಳು ನೋಡುತ್ತಿದ್ದ ಕಾರ್ಟೂನುಗಳ ಗೆರೆಯನ್ನೂ ಅದೇ ಶ್ರದ್ಧೆಯಿಂದ ಟ್ರೇಸ್ ಮಾಡಿ ನೋಡಿ. ಎರಡೂ ಕೈಗೆ ಹತ್ತಿದ ಮೇಲೆ ಬರುವ ಮೂರನೆಯ ಗೆರೆಗಾಗಿ ಕಾಯಿರಿ. ಚಿತ್ತಾರ ಕಲಿಸಿದವರ ಹೆಸರನ್ನು ಪ್ರಾಜೆಕ್ಟಿನಲ್ಲಿ ಬರೆಯುವುದನ್ನೂ, ಅವರ ಸಮಯಕ್ಕೆ ಸಂಭಾವನೆ ಕೊಡುವುದನ್ನೂ ಮರೆಯಬೇಡಿ.

ಗ್ರಂಥಾಲಯಕ್ಕೆ ಒಂದು ಪಾತ್ರ ಬೇಕೆಂದಿದ್ದರೆ, ಕಲಾವಿದರಿಗಿಂತ ಜಪಾನಿನ ಊರುಗಳೇ ಒಳ್ಳೆಯ ಗುರುಗಳು. ಅಲ್ಲಿನ ಅನೇಕ ಪಟ್ಟಣಗಳಿಗೆ ‘ಯುರು ಕ್ಯಾರಾ’ ಎನ್ನುವ ತಮ್ಮದೇ ಬೊಂಬೆಗಳಿವೆ. ಹಿಕೊನೆ ಪಟ್ಟಣದ ಹಿಕೊನ್ಯಾನ್ ಎಂಬ ಬಿಳಿಯ ಬೆಕ್ಕು ಅಲ್ಲಿನ ಕೋಟೆಯ 400ನೆಯ ವರ್ಷಾಚರಣೆಗಾಗಿ ಹುಟ್ಟಿತು. ಆ ಊರಿನ ಸಾಮಂತರೊಬ್ಬರನ್ನು ಬೆಕ್ಕೊಂದು ಕೈಬೀಸಿ ಕರೆದು ಸಿಡಿಲಿನಿಂದ ಉಳಿಸಿತು ಎಂಬ ಐತಿಹ್ಯವೂ, ಆ ಮನೆತನದ ಯೋಧರ ಕೆಂಪು ಶಿರಸ್ತ್ರಾಣವೂ ಅದರಲ್ಲಿ ಸೇರಿವೆ. ಊರಿನ ಕಥೆಯೇ ಮೈತಳೆದುದರಿಂದ ಆ ಬೆಕ್ಕನ್ನು ಬೇರೆ ಊರಿಗೆ ಒಯ್ಯಲಾಗದು. ನಿಮ್ಮ ಪಾತ್ರವನ್ನೂ ಅದೇ ರೀತಿ ಪರೀಕ್ಷಿಸಿ: ಅದನ್ನು ಇನ್ನೊಂದು ಊರಿನ ಗ್ರಂಥಾಲಯದ ಗೋಡೆಯ ಮೇಲೆ ಇಟ್ಟರೂ ಏನೂ ವ್ಯತ್ಯಾಸವಾಗದಿದ್ದರೆ, ಕೆಲಸ ಇನ್ನೂ ಉಳಿದಿದೆ ಎಂದರ್ಥ.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಕಂಪ್ಯೂಟರಿನ ಪರದೆಯ ಮೇಲೆ ಝಗ್ಗೆನ್ನುವ ಗುಲಾಬಿ ಮತ್ತು ಹಸಿರು, ನಾಲ್ಕು ಬಣ್ಣಗಳ ಆಫ್‌ಸೆಟ್ ಮುದ್ರಣದಲ್ಲಿ ಮಂಕಾಗುತ್ತವೆ. ಮುರಕಾಮಿ ಅವರ ಸ್ಟುಡಿಯೊದಲ್ಲಿ ಕೈಯಿಂದ ಬರೆದ ಕರಡನ್ನು ಸ್ಕ್ಯಾನ್ ಮಾಡಿ, ಗೆರೆಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ, ಬೆರೆಸಿದ ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್ (ಅಚ್ಚು ಹಾಕುವ ಜಾಲರಿ) ಇಟ್ಟು ಪದರದ ಮೇಲೆ ಪದರವಾಗಿ ಕ್ಯಾನ್ವಾಸಿಗೆ ಇಳಿಸುತ್ತಾರೆ. ಅಷ್ಟೊಂದು ಸ್ಕ್ರೀನುಗಳು ವಿದ್ಯಾರ್ಥಿಯ ಕೈಗೆ ನಿಲುಕುವಂಥವಲ್ಲ. ಬಟ್ಟೆಯ ಚೀಲಕ್ಕೆ ಮೂರೋ ನಾಲ್ಕೋ ಬಣ್ಣಗಳನ್ನು ಈಗಲೇ ನಿಗದಿ ಮಾಡಿಕೊಂಡು, ಅವುಗಳೊಳಗೇ ಚಿತ್ರವನ್ನು ಯೋಚಿಸಿ. ಚಿತ್ತಾರಕ್ಕೂ ಇರುವುದು ನಾಲ್ಕೇ ಬಣ್ಣ.

ಪ್ರಶ್ನೆ: ನಾನು ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕ. ಮುರಕಾಮಿ ಮತ್ತು ಕುಸಾಮ ಅವರ ಚಿತ್ರಗಳು ದುಬಾರಿ ಕೈಚೀಲಗಳ ಮೇಲೂ ಅಂಗಡಿಗಳ ಗಾಜಿನ ಕಿಟಕಿಗಳಲ್ಲಿಯೂ ಕಾಣಿಸಿಕೊಳ್ಳುತ್ತಿವೆ. ಇವನ್ನು ಮಕ್ಕಳಿಗೆ ಕಲೆ ಎಂದು ಹೇಳಿಕೊಡಬೇಕೇ, ಜಾಹೀರಾತು ಎಂದೇ?
— ಚಿತ್ರಕಲಾ ಶಿಕ್ಷಕರು, ಧಾರವಾಡ

ಉತ್ತರ: ಈ ಎರಡನ್ನು ಬೇರ್ಪಡಿಸುವ ಗೋಡೆ ಜಪಾನಿನಲ್ಲಿ ಬಹಳ ಈಚಿನದು ಎಂಬುದನ್ನು ಮಕ್ಕಳಿಗೆ ಮೊದಲು ಹೇಳಬಹುದು. ಲಲಿತಕಲೆ ಎಂಬ ಅರ್ಥದಲ್ಲಿ ಅವರು ಬಳಸುವ ‘ಬಿಜುತ್ಸು’ ಎಂಬ ಪದವೇ 1873ರ ವಿಯೆನ್ನಾ ವಸ್ತುಪ್ರದರ್ಶನಕ್ಕೆ ಸಿದ್ಧತೆ ನಡೆಸುವಾಗ ಟಂಕಿಸಿದ್ದು. ಅದಕ್ಕಿಂತ ಮುಂಚೆ ಒಗಾತ ಕೋರಿನ್‌ನಂಥ ದೊಡ್ಡ ಚಿತ್ರಕಾರರು ಚಿನ್ನದ ಪರದೆಗಳ ಮೇಲೆ ಹೂಗಳನ್ನು ಬರೆದ ಕೈಯಿಂದಲೇ ಕಿಮೊನೊ ಬಟ್ಟೆಯ ಮೇಲೂ ಅರಗಿನ ಪೆಟ್ಟಿಗೆಗಳ ಮೇಲೂ ಬರೆಯುತ್ತಿದ್ದರು. ನಾವು ಇಂದು ಚೌಕಟ್ಟು ಹಾಕಿಸಿ ಗೌರವಿಸುವ ಮರದಚ್ಚಿನ ಚಿತ್ರಗಳು ಅವುಗಳ ಕಾಲದಲ್ಲಿ ಅಂಗಡಿಯಲ್ಲಿ ಸಾಮಾನ್ಯರು ಕೊಳ್ಳುತ್ತಿದ್ದ, ನಟರ ಮತ್ತು ಸುಂದರಿಯರ ಅಗ್ಗದ ಹಾಳೆಗಳಾಗಿದ್ದವು. ಯುದ್ಧಾನಂತರದ ಕಾಲದಲ್ಲಿಯೂ ಟೋಕಿಯೊದ ದೊಡ್ಡ ಮಳಿಗೆಗಳೇ ಹೊಸ ಕಲೆಗೆ ಜಾಗ ಕೊಟ್ಟವು. 1975ರಲ್ಲಿ ಸೆಯ್ಬು ಎಂಬ ಮಳಿಗೆಯಲ್ಲಿ ಮ್ಯೂಸಿಯಮ್ಮೇ ಶುರುವಾಯಿತು, ಸೂಪರ್‌ಫ್ಲಾಟ್ ಪ್ರದರ್ಶನ ಮೊದಲು ನಡೆದದ್ದೂ ಪಾರ್ಕೊ ಎಂಬ ಮಳಿಗೆಯ ಗ್ಯಾಲರಿಯಲ್ಲಿ. ಹೀಗಾಗಿ 2003ರಲ್ಲಿ ಮುರಕಾಮಿ ಲೂಯಿ ವಿಟಾನ್ ಕಂಪನಿಯ ಚೀಲಗಳಿಗೆ 33 ಬಣ್ಣಗಳ ವಿನ್ಯಾಸ ಮಾಡಿಕೊಟ್ಟಾಗ, ತಾನು ಗೆರೆ ದಾಟಿದ್ದೇನೆ ಎಂದು ಅವರಿಗೆ ಅನ್ನಿಸಿರಲಾರದು. 2007ರಲ್ಲಿ ಲಾಸ್ ಏಂಜಲೀಸಿನ ಮ್ಯೂಸಿಯಮ್ಮಿನಲ್ಲಿ ನಡೆದ ಅವರ ಪ್ರದರ್ಶನದ ನಡುವೆಯೇ ಆ ಚೀಲಗಳ ಅಂಗಡಿ ತೆರೆದಿತ್ತು.

ಆದರೆ ಇದರಿಂದ ಎಲ್ಲವೂ ಸಮನಾಗಿ ಒಳ್ಳೆಯದಾಯಿತು ಎಂದು ನಾನು ಹೇಳಲಾರೆ. ಅವರ ಹೂಗಳು ಇಷ್ಟು ವಸ್ತುಗಳ ಮೇಲೆ ಇಷ್ಟು ಸಲ ಬಂದಿವೆ ಎಂದರೆ, ಈಗ ಅವು ಮಾರಾಟದ ಮುದ್ರೆಯಾಗಿಯೇ ನನಗೆ ಕಾಣುತ್ತವೆ. ಅದೇ ಕಲಾವಿದರು 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ಬಳಿಕ ರಚಿಸಿ 2012ರಲ್ಲಿ ದೋಹಾದಲ್ಲಿ ತೋರಿಸಿದ, 100 ಮೀಟರ್ ಉದ್ದ ಮತ್ತು 3 ಮೀಟರ್ ಎತ್ತರದ ‘ಐನೂರು ಅರ್ಹಂತರು’ ಚಿತ್ರವನ್ನು ನೋಡಿದಾಗ ಮನಸ್ಸು ಬೇರೆಯೇ ಆಗುತ್ತದೆ. ಜೈನ ಪರಂಪರೆಯಿಂದ ಕನ್ನಡಿಗರಿಗೆ ಪರಿಚಿತವಾದ ಅರ್ಹಂತ ಎಂಬ ಪದ ಬೌದ್ಧರಲ್ಲಿ ನಿರ್ವಾಣ ಕಂಡ ಶಿಷ್ಯರಿಗೆ ಸಲ್ಲುತ್ತದೆ, ಜಪಾನಿಯರು ಅವರನ್ನು ‘ರಕಾನ್’ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕಾನೋ ಕಾಜುನೊಬು ಟೋಕಿಯೊದ ಒಂದು ದೇವಾಲಯಕ್ಕೆ 100 ಸುರುಳಿಗಳಲ್ಲಿ ಬರೆದ ಅರ್ಹಂತರೇ ಈ ಕೃತಿಯ ಮೂಲ. ಸಾವಿರಾರು ಜನರನ್ನು ಸಮುದ್ರ ಕೊಂಡೊಯ್ದ ಮೇಲೆ, ಉಳಿದವರನ್ನು ಸಂತೈಸುವ ಮುದುಕರ ಸಾಲನ್ನು ಅವರು ತಮ್ಮ ಕಾರ್ಟೂನು ಬಣ್ಣಗಳಲ್ಲಿಯೇ ನಿಲ್ಲಿಸಿದರು. ನಾರಾ ಅವರು ಅದೇ ದುರಂತದ ಬಳಿಕ ಕುಂಚ ಹಿಡಿಯಲಾರದೆ, ತಾವು ಓದಿದ ಐಚಿಯ ಕಲಾ ವಿಶ್ವವಿದ್ಯಾಲಯಕ್ಕೆ ಹೋಗಿ ಕೆಲವು ಕಾಲ ಬರಿಗೈಯಲ್ಲಿ ಜೇಡಿಮಣ್ಣಿನ ತಲೆಗಳನ್ನು ಮಾಡಿದರು. ತರಗತಿಯಲ್ಲಿ ಚೀಲದ ಚಿತ್ರವನ್ನೂ ಈ ಅರ್ಹಂತರನ್ನೂ ಪಕ್ಕಪಕ್ಕ ಇಡಿ. ಒಂಬತ್ತನೆಯ ತರಗತಿಯ ಮಕ್ಕಳು ವ್ಯತ್ಯಾಸವನ್ನು ತಾವೇ ಹೇಳಬಲ್ಲರು.

ಪ್ರಶ್ನೆ: ಕೆಲಸದ ಮೇಲೆ ಯೊಕೊಹಾಮಾಕ್ಕೆ ಬಂದು ನೆಲೆಸಿದ್ದೇವೆ. ಮಗಳಿಗೆ ಚಿತ್ರದಲ್ಲಿ ಆಸಕ್ತಿಯಿದೆ. ಈ ಕಲಾವಿದರ ಮೂಲ ಕೃತಿಗಳನ್ನು ಎಲ್ಲಿ ನೋಡಬಹುದು?
— ಕನ್ನಡಿಗ ಕುಟುಂಬ, ಯೊಕೊಹಾಮಾ

ಉತ್ತರ: ಟೋಕಿಯೊದ ಶಿಂಜುಕು ಭಾಗದಲ್ಲಿ ಕುಸಾಮ ಅವರದೇ ಮ್ಯೂಸಿಯಮ್ 2017ರಲ್ಲಿ ತೆರೆದಿದೆ. ಟಿಕೆಟನ್ನು ಮುಂಗಡವಾಗಿ, ನಿಗದಿತ ಸಮಯಕ್ಕೆ ಕೊಂಡುಕೊಂಡೇ ಹೋಗಬೇಕು. ರಜೆಯಲ್ಲಿ ದೂರ ಹೋಗಲು ಸಾಧ್ಯವಾದರೆ ಉತ್ತರದ ಅಓಮೊರಿ ಕಲಾ ಮ್ಯೂಸಿಯಮ್ಮಿನಲ್ಲಿ ನಾರಾ ಅವರ ಎಂಟೂವರೆ ಮೀಟರ್ ಎತ್ತರದ ಬಿಳಿಯ ನಾಯಿಯನ್ನು ಮಗಳಿಗೆ ತೋರಿಸಿ. ತಲೆ ತಗ್ಗಿಸಿ ನಿಂತ ಆ ನಾಯಿಯ ಮುಂದೆ ಮಕ್ಕಳು ತಮ್ಮಷ್ಟಕ್ಕೆ ಮೌನವಾಗುತ್ತಾರೆ. ನವೊಶಿಮಾ ದ್ವೀಪದ ದಡದಲ್ಲಿರುವ ಕುಸಾಮ ಅವರ ಹಳದಿ ಕುಂಬಳಕಾಯಿ 1994ರದು. 2021ರ ಆಗಸ್ಟಿನಲ್ಲಿ ಚಂಡಮಾರುತ ಅದನ್ನು ಸಮುದ್ರಕ್ಕೆ ಎಳೆದೊಯ್ದಿತ್ತು, 2022ರ ಅಕ್ಟೋಬರಿನಲ್ಲಿ ಹೊಸದಾಗಿ ಮಾಡಿದ ಕುಂಬಳಕಾಯಿಯನ್ನು ಅದೇ ಜಾಗದಲ್ಲಿ ಸ್ಥಾಪಿಸಿದರು.

ಪ್ರಶ್ನೆ: ನಾನು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ನಡೆಸುತ್ತೇನೆ. ಕಾಲೇಜು ಹುಡುಗರು ಜಪಾನಿನ ನಗುವ ಹೂವುಗಳ ಚಿತ್ರ ತಂದು ಟೀ ಶರ್ಟ್‌ಗೆ ಹಾಕಿಕೊಡಿ ಎನ್ನುತ್ತಾರೆ. ಕೆಲವರು ಅದನ್ನು ಮಾರುವುದೂ ಉಂಟು. ಸ್ವಲ್ಪ ಬಣ್ಣ ಬದಲಾಯಿಸಿದರೆ ತೊಂದರೆಯಿಲ್ಲ ಎನ್ನುತ್ತಾರೆ. ನಿಜವೇ?
— ಮುದ್ರಕರು, ಹುಬ್ಬಳ್ಳಿ

ಉತ್ತರ: ನಿಜವಲ್ಲ. 1957ರ ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಮೇಲಿನ ಹಕ್ಕು ಕಲಾವಿದರ ಜೀವಿತಾವಧಿಯುದ್ದಕ್ಕೂ, ಅವರ ಕಾಲಾನಂತರ 60 ವರ್ಷಗಳವರೆಗೂ ಇರುತ್ತದೆ, ಮತ್ತು ಅಂತರರಾಷ್ಟ್ರೀಯ ಒಪ್ಪಂದಗಳ ಮೂಲಕ ಜಪಾನಿನ ಕೃತಿಗಳಿಗೂ ಇಲ್ಲಿ ಆ ರಕ್ಷಣೆಯಿದೆ. ಹೂವಿಗೆ ನಗುಮುಖ ಇಡುವ ಯೋಚನೆಗೆ ಹಕ್ಕಿಲ್ಲ, ಅದನ್ನು ಒಬ್ಬರು ಮೂಡಿಸಿದ ನಿರ್ದಿಷ್ಟ ರೂಪಕ್ಕೆ ಹಕ್ಕಿದೆ. ಯೋಚನೆಗೆ ಕೃತಿಸ್ವಾಮ್ಯವಿಲ್ಲ ಎಂದು 1978ರಲ್ಲಿ ಆರ್. ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದ ಸುಪ್ರೀಂ ಕೋರ್ಟು, ಎರಡನ್ನೂ ನೋಡಿದವರಿಗೆ ಎರಡನೆಯದು ಮೊದಲನೆಯದರ ನಕಲೆಂದು ನಿಸ್ಸಂದೇಹವಾಗಿ ಅನಿಸಿದರೆ ಅದು ಉಲ್ಲಂಘನೆ ಎಂದೂ ಹೇಳಿತು. ಬಣ್ಣ ಬದಲಾಯಿಸಿದ ಮಾತ್ರಕ್ಕೆ ಆ ಅನಿಸಿಕೆ ಹೋಗುವುದಿಲ್ಲ. ವಿದ್ಯಾರ್ಥಿ ತನ್ನ ಅಭ್ಯಾಸಕ್ಕಾಗಿ ಹಾಳೆಯ ಮೇಲೆ ಬರೆದುಕೊಳ್ಳುವುದು ಬೇರೆ, ಅಂಗಿಯ ಮೇಲೆ ಅಚ್ಚು ಹಾಕಿ ಮಾರುವುದು ಬೇರೆ. ಅಂಥ ಕೆಲಸ ಬಂದಾಗ ಅನುಮತಿಯ ಪತ್ರ ಕೇಳಿ, ಇಲ್ಲದಿದ್ದರೆ ಒಪ್ಪಿಕೊಳ್ಳಬೇಡಿ.

ಆ ಹುಡುಗರಿಗೆ ಜಪಾನಿನ ಚಿತ್ರವೇ ಬೇಕೆಂದಿದ್ದರೆ ಇನ್ನೊಂದು ದಾರಿಯಿದೆ. 1849ರಲ್ಲಿ ತೀರಿಕೊಂಡ ಹೊಕುಸಾಯ್ ಅವರ ದೊಡ್ಡ ಅಲೆಯ ಚಿತ್ರವೂ, ಅವರ ಕಾಲದ ಇತರರ ಮರದಚ್ಚಿನ ಚಿತ್ರಗಳೂ ಈಗ ಎಲ್ಲರ ಸ್ವತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ 2017ರಿಂದ ತನ್ನಲ್ಲಿರುವ ಇಂಥ ಚಿತ್ರಗಳ ದೊಡ್ಡ ಗಾತ್ರದ ಕಡತಗಳನ್ನು ಯಾವುದೇ ಬಳಕೆಗೆ ಉಚಿತವಾಗಿ ಕೊಡುತ್ತಿದೆ. ಅವು ಮೊದಲೇ ಒಂದೊಂದು ಬಣ್ಣಕ್ಕೂ ಒಂದೊಂದು ಮರದ ಹಲಗೆ ಕೊರೆದು ಅಚ್ಚು ಹಾಕಿದವಾದ್ದರಿಂದ, ಬಣ್ಣಗಳನ್ನು ಬೇರ್ಪಡಿಸಿ ಸ್ಕ್ರೀನುಗಳನ್ನು ಮಾಡಿಕೊಳ್ಳುವುದು ನಿಮ್ಮ ಕೈಗೆ ಸುಲಭವಾಗಿ ಒದಗುತ್ತದೆ.